ಹಾರಂಗಿ ಹಿನ್ನೀರಿನಲ್ಲಿ ಹಾಯಿ ಬಿಚ್ಚಿದ್ದು

ಮೈಸೂರು ಬಿಟ್ಟು ಪಿರಿಯಾಪಟ್ಟಣ, ಬೈಲುಕುಪ್ಪೆ ದಾಟಿ ಕುಶಾಲನಗರ ಸೇರುವಷ್ಟರಲ್ಲಿ, ಪಿಕಪ್ ಮೇಲೆ ಕಟ್ಟಿದ್ದ ಕಂಬ, ಹಗ್ಗ, ಬಟ್ಟೆಯ ಕಟ್ಟು ನೋಡಿ "ಶಾಮಿಯಾನದವರಾ?" ಎಂದು ಕೇಳದ ಟೀ ಅಂಗಡಿ ಇರಲಿಲ್ಲ. ಹಾಯಿದೋಣಿ ಎಂದರೆ ಯಾರೂ ನಂಬಲಿಲ್ಲ. ಕೊಡಗಿನಲ್ಲಿ ದೋಣಿ ಎಂದರೆ ದುಬಾರೆಯ ರಾಫ್ಟಿಂಗ್. ಗಾಳಿಯಿಂದ ಓಡುವ ದೋಣಿಗೆ ಇಲ್ಲೇನು ಕೆಲಸ?

ಕೆಲಸವಿದೆ. ಹಾರಂಗಿ ಜಲಾಶಯ ಎಂಟೂವರೆ ಟಿಎಂಸಿಯದು. ಮಳೆಗಾಲದಲ್ಲಿ ಸಮುದ್ರಮಟ್ಟದಿಂದ 2,859 ಅಡಿಯ ಪೂರ್ಣ ಮಟ್ಟಕ್ಕೆ ತುಂಬಿ ನಿಂತರೂ ಆಗ ಅಲ್ಲಿ ಆಟವಾಡುವಂತಿಲ್ಲ; ಒಳಹರಿವು, ಗೇಟು, ಕೆಸರು. ಜನವರಿಯಲ್ಲಿ ನೀರು ಶಾಂತ, ಆಕಾಶ ತಿಳಿ, ಪೂರ್ವದ ಬಯಲಿನ ಕಡೆಯಿಂದ ಹಗುರವಾದ ಗಾಳಿ. ನೀರಾವರಿ ನಿಗಮದಿಂದ ಕಾಗದದ ಮೇಲೆ ಒಪ್ಪಿಗೆ ಪಡೆದಿದ್ದೆವು. ದಡದ ಪಕ್ಕದ ಕಾಫಿ ತೋಟದ ಯಜಮಾನರು ತಂಗಲು ಜಾಗ ಕೊಟ್ಟರು. ದಡದಲ್ಲೇ ಟೆಂಟ್ ಹಾಕುತ್ತೇವೆ ಎಂದಾಗ ಮಾತ್ರ ನಕ್ಕುಬಿಟ್ಟರು: "ಆನೆ ನೀರು ಕುಡಿಯೋದೂ ಅಲ್ಲೇ ಮಾರಾಯ್ರೇ. ಮನೆ ಮುಂದಿನ ಕಣಕ್ಕೆ ಬನ್ನಿ."

ನೀರು ಇಳಿಯುತ್ತಿದ್ದಂತೆ ಮುಳುಗಿದ್ದ ಮರದ ಬೊಡ್ಡೆಗಳು ಮೇಲ್ಮಟ್ಟಕ್ಕೆ ಬರುತ್ತವೆ. ದೋಣಿಯ ತಳದಿಂದ ಕೆಳಗಿಳಿಯುವ ಸೆಂಟರ್‌ಬೋರ್ಡ್ ಅವಕ್ಕೆ ತಗುಲಿದರೆ ಮುಗಿಯಿತು. ಬೆಳಿಗ್ಗೆ ಮೀನು ಹಿಡಿಯುವವರೊಬ್ಬರು ನಮ್ಮನ್ನು ಹರಿಗೋಲಿನಲ್ಲಿ ಸುತ್ತಿಸಿ ಬೊಡ್ಡೆಗಳನ್ನೆಲ್ಲ ತೋರಿಸಿದರು. ಅವುಗಳಿಂದ ದೂರವಿಟ್ಟು ಮೂರು ಖಾಲಿ ಕ್ಯಾನುಗಳಿಗೆ ಕಲ್ಲು ಕಟ್ಟಿ ತೇಲಿಬಿಟ್ಟೆವು. ತ್ರಿಕೋನದ ದಾರಿ ಸಿದ್ಧ. ಮೊದಲ ಕ್ಯಾನು ನೇರ ಗಾಳಿ ಬರುವ ದಿಕ್ಕಿನಲ್ಲಿರಬೇಕು. ಗಾಳಿಗೆ ಎದುರಾಗಿ ಯಾವ ಹಾಯಿಯೂ ನೇರ ಹೋಗದು. ಸುಮಾರು ನಲವತ್ತೈದು ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಲೇ ಏರಬೇಕು. ಚುಕ್ಕಾಣಿ ಹಿಡಿದವರ ಬುದ್ಧಿ ಗೊತ್ತಾಗುವುದೇ ಅಲ್ಲಿ.

ನಮ್ಮಲ್ಲಿದ್ದ ದೋಣಿಗಳಿಗೆ ಒಂದಕ್ಕೊಂದು ಜೋಡಿಯಿಲ್ಲ. ಮಕ್ಕಳ ಆಪ್ಟಿಮಿಸ್ಟ್ ಎರಡೂಕಾಲು ಮೀಟರ್ ದಾಟಿದರೆ ಹೆಚ್ಚು. ಒಬ್ಬರೇ ನಡೆಸುವ ಲೇಸರ್ ನಾಲ್ಕು ಮೀಟರಿಗೂ ಮೇಲು. ಮೈಸೂರಿನ ಗೆಳೆಯರು ಪ್ಲೈವುಡ್‌ನಲ್ಲಿ ಮಾಡಿಕೊಂಡು ತಂದದ್ದು ಒಂದು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಫಲಿತಾಂಶ ದಡದಲ್ಲೇ ಹೇಳಬಹುದು. ಅದಕ್ಕೇ ನಿಧಾನದವರನ್ನು ಮೊದಲು ಬಿಟ್ಟೆವು. ನಲವತ್ತೈದು ನಿಮಿಷದ ಪಂದ್ಯ. ಲೇಸರ್ ಹೊರಡುವುದು ಆಪ್ಟಿಮಿಸ್ಟ್ ಹೊರಟು ಹದಿನೈದು ನಿಮಿಷದ ಮೇಲೆ. ಸೀಟಿ ಊದಿದಾಗ ಮುಂದಿದ್ದವರೇ ಗೆದ್ದವರು. ಲೆಕ್ಕದ ಪುಸ್ತಕವೂ ಬೇಡ, ಜಗಳವೂ ಕಡಿಮೆ. ಸ್ನೇಹಿತರ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ನಾನು ಕಂಡಿಲ್ಲ.

ಸಡಿಲ ಬಿಡದ ನಿಯಮಗಳು ಕೆಲವೇ. ಲೈಫ್ ಜಾಕೆಟ್ ಇಲ್ಲದವರು ನೀರಿಗಿಳಿಯುವಂತಿಲ್ಲ. ಎದುರಾದಾಗ ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ. ದಡಕ್ಕೆ ಬಂದ ತಕ್ಷಣ ಹೆಸರು ಹೇಳಬೇಕು. ಮೋಟಾರು ದೋಣಿ ಸದಾ ಸಿದ್ಧ.

ಹನ್ನೊಂದು ಕಳೆದು ಗಾಳಿ ಎದ್ದಿತು. ಸುತ್ತ ಬೆಟ್ಟವಿದ್ದರೆ ಗಾಳಿ ಒಂದೇ ಮನಸ್ಸಿನಲ್ಲಿರುವುದಿಲ್ಲ. ಒಂದು ಕಣಿವೆಯ ಬಾಯಲ್ಲಿ ಜೋರು, ಮುಂದಿನ ಗುಡ್ಡದ ಮರೆಯಲ್ಲಿ ಸತ್ತೇ ಹೋಗಿರುತ್ತದೆ. ಲೇಸರಿನ ಹುಡುಗ ನಾಲ್ವರನ್ನು ಹಿಂದೆ ಹಾಕಿ ಬಂದವನು ಆ ಮರೆಯಲ್ಲಿ ಸಿಕ್ಕಿಕೊಂಡ. ಪಟಪಟ ಬಡಿಯುವ ಹಾಯಿ, ಮುಂದೆ ಹೋಗದ ದೋಣಿ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಗಾಳಿ ಬಂದಾಗ ನೀರಿನ ಮೇಲೆ ಕಪ್ಪಾಗಿ ಓಡಿಬರುವ ಸುಕ್ಕುಗಳನ್ನು ನೋಡಿಕೊಂಡು, ದೂರದ ದಾರಿ ಹಿಡಿದು, ಮೊದಲಿಗಳಾಗಿ ಉಳಿದಳು. ಪ್ಲೈವುಡ್ ದೋಣಿ ಎರಡು ಬಾರಿ ಮಗುಚಿತು, ಎರಡು ಬಾರಿಯೂ ನಗುತ್ತಲೇ ಎದ್ದಿತು.

ಕಣದಲ್ಲಿ ಅರ್ಧ ಜಾಗ ಒಣಗಲು ಹರವಿದ ಕಾಫಿಗೆ, ಉಳಿದದ್ದು ಟೆಂಟುಗಳಿಗೆ. ಒದ್ದೆ ಬಟ್ಟೆ ಹಿಂಡಿ ಕುಳಿತವರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು; ಮಾಂಸ ತಿನ್ನದವರಿಗೆ ಅಕ್ಕಿ ರೊಟ್ಟಿ, ಬದನೆ ಪಲ್ಯ. ಚಳಿ ಎಂದರೆ ಚಳಿ. ಬೆಂಕಿಯಿಂದ ಎದ್ದು ಹೋಗಲು ಯಾರಿಗೂ ಮನಸ್ಸಿಲ್ಲ. ನಡುರಾತ್ರಿ ತೋಟದಾಚೆ ಪಟಾಕಿ ಸಿಡಿಯಿತು. ಆನೆ ಓಡಿಸುವವರದ್ದಂತೆ. ಟೆಂಟುಗಳಿಂದ ತಲೆ ಹೊರಬಂದಷ್ಟೇ ಬೇಗ ಒಳಹೋದವು.

ಭಾನುವಾರದ ಎರಡನೇ ಪಂದ್ಯ ನಡೆಯಲೇ ಇಲ್ಲ. ಮಂಜು ಬಿಟ್ಟಿತು, ಗಾಳಿ ಬರಲಿಲ್ಲ. ಮುಂದಿನ ಸಲ ಶನಿವಾರವೇ ಎರಡೂ ಮುಗಿಸಿ, ಭಾನುವಾರವನ್ನು ತಿಂಡಿಗೆ ಬಿಡುವುದು ಒಳ್ಳೆಯದು. ಗೆದ್ದ ಹುಡುಗಿಗೆ ಬಹುಮಾನ ಎರಡು ಕಿಲೋ ಕಾಫಿ ಪುಡಿ. ಅವಳು ಕಾಫಿ ಕುಡಿಯುವುದಿಲ್ಲ, ಅಜ್ಜಿ ತಕ್ಷಣ ವಶಪಡಿಸಿಕೊಂಡರು.

ದೋಣಿ ಏರಿಸುವಾಗ ಯಜಮಾನರು ಪ್ಲೈವುಡ್ಡಿಗೆಷ್ಟು ಖರ್ಚಾಯಿತು ಎಂದು ವಿಚಾರಿಸತೊಡಗಿದರು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುಮಾಡಿದಾಗ ಬಂದದ್ದು ಅರವತ್ತು ತಂಡ, ಈಗಿನದು ನಿಮಗೇ ಗೊತ್ತಲ್ಲ ಎಂದರು. "ನಮ್ಮ ಒಕ್ಕದ, ಅಂದ್ರೆ ಮನೆತನದ, ಹೆಸರಲ್ಲೂ ಒಂದು ದೋಣಿ ಇರಲಿ. ಈಜು ಬರದ ಅಳಿಯನನ್ನ ಕೂರಿಸ್ತೀನಿ."