ಜಲಜನಕಕ್ಕೆ ಜಲಜನಕ ಅಂಟದ ಕಥೆ

ಟಕ್! ನಿನ್ನೆ ರಾತ್ರಿ ಹನ್ನೊಂದೂವರೆಗೆ ಜಲಜನಕದ ಎರಡು ಬಿಳಿ ಗುಂಡುಗಳು ಕೊನೆಗೂ ಒಂದನ್ನೊಂದು ಕಚ್ಚಿಕೊಂಡವು. ಪರಮಾಣುಗಳು ಹೇಗೆ ಕೂಡುತ್ತವೆ ಎಂದು ತೋರಿಸಲು ಮರದ ಗುಂಡು, ಮ್ಯಾಗ್ನೆಟ್‌ಗಳಿಂದ ಮಾದರಿ ಮಾಡುತ್ತಿದ್ದೇನೆ. ವಾರಗಟ್ಟಲೆ ಸತಾಯಿಸಿದ ಸದ್ದು ಅದು. ಒಳಗಿನಿಂದ ಅಮ್ಮ, "ಮಲ್ಕೊಳೋ, ಏನ್ ಒಡೆದಾಕ್ದೆ ಈಗ?" ಅಂದಳು.

ಹಾಲೆ ಮರದಲ್ಲಿ ಗುಂಡು ಕಡೆಸಿದ್ದು, ಉಜ್ಜಿದ್ದು, ಬಣ್ಣ ಹೊಡೆದದ್ದು ದೊಡ್ಡ ಕಥೆಯೇನಲ್ಲ, ಬಿಡಿ. ಇಂಗಾಲಕ್ಕೆ ಅದರ ನಾಲ್ಕು ಬಂಧಗಳಿಗಾಗಿ 109.5 ಡಿಗ್ರಿಯಲ್ಲಿ ನಾಲ್ಕು ತೂತು ಕೊರೆಯಲು ಕೋನಮಾಪಕವೂ ಬೇಡ: ಗುಂಡನ್ನು ಚಚ್ಚೌಕ ಡಬ್ಬಿಯೊಳಗೆ ಬಿಗಿಯಾಗಿ ಕೂರಿಸಿ, ಒಂದು ಬಿಟ್ಟು ಒಂದು ಮೂಲೆಯಿಂದ ನಡುಮಧ್ಯಕ್ಕೆ ಡ್ರಿಲ್ ಬಿಟ್ಟರೆ ಆಯಿತು. 1916ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೂಯಿಸ್ ಪರಮಾಣುವನ್ನೇ ಇಂಥ ಘನವಾಗಿ ಬರೆದು, ಮೂಲೆಗೊಂದು ಎಲೆಕ್ಟ್ರಾನ್ ಕೂರಿಸಿದ್ದ. ನನಗೆ ಅವನ ಡಬ್ಬಿಯಷ್ಟೇ ಸಾಕಾಯಿತು.

ತಲೆ ತಿಂದದ್ದು ಮ್ಯಾಗ್ನೆಟ್. ಮೊದಲು ಬಿಲ್ಲೆ ಮ್ಯಾಗ್ನೆಟ್ ಅಂಟಿಸಿದ್ದೆ: ಸೋಡಿಯಂಗೆ ಉತ್ತರ ಮುಖ, ಕ್ಲೋರಿನ್‌ಗೆ ದಕ್ಷಿಣ. ಚೆನ್ನಾಗಿ ಕಚ್ಚಿಕೊಂಡವು. ಸುತ್ತುಗಳಲ್ಲಿ 2,8,1 ಎಲೆಕ್ಟ್ರಾನ್ ಇದ್ದ ಸೋಡಿಯಂ ಒಂದನ್ನು ಕೊಟ್ಟು, ಹೊರಸುತ್ತು ತುಂಬಿದ ನಿಯಾನ್ ಥರ 2,8 ಆಗುತ್ತದೆ, ಕ್ಲೋರಿನ್ ಅದನ್ನು ಇಸ್ಕೊಂಡು ಆರ್ಗಾನ್ ಥರ 2,8,8. ಕೊಡೋನೇ ಬೇರೆ, ಇಸ್ಕೊಳ್ಳೋನೇ ಬೇರೆ. ಜಲಜನಕದಲ್ಲಿ ಹಾಗಿಲ್ಲವಲ್ಲ! ಇಬ್ಬರ ಹತ್ತಿರವೂ ಒಂದೊಂದೇ, ಇಬ್ಬರಿಗೂ ಹೀಲಿಯಂ ಹಾಗೆ ಎರಡು ಬೇಕು. ಯಾರೂ ಬಿಟ್ಟುಕೊಡುವುದಿಲ್ಲ, ಜೋಡಿಯನ್ನು ಇಬ್ಬರೂ ಹಂಚಿಕೊಂಡು ಇರುತ್ತಾರೆ. ನನ್ನ ಗುಂಡುಗಳೋ, ಎರಡರದೂ ಉತ್ತರ ಮುಖ. ಒಂದನ್ನೊಂದು ತಳ್ಳಿಕೊಂಡು ಮೇಜಿನಿಂದ ಬಿದ್ದು ಮಂಚದಡಿ ಸೇರಿದವು. ಅರ್ಧ ಜಲಜನಕಗಳಿಗೆ ಮ್ಯಾಗ್ನೆಟ್ ಮಗುಚಿ ಹಾಕಿದೆ. ಆದರೆ ಇಂಗಾಲಕ್ಕೆ ಇಂಗಾಲ ಸೇರಿಸುವಾಗ ಮತ್ತದೇ ಜಗಳ.

ಮ್ಯಾಗ್ನೆಟ್ ಅಂಟಿಸಿದ್ದೇ ತಪ್ಪು ಎಂದು ಹೊಳೆಯಲು ಎರಡು ವಾರ ಬೇಕಾಯಿತು. ಅದು ಒಳಗೆ ತಿರುಗುವಂತಿದ್ದರೆ ಎದುರಿಗೆ ಯಾರೇ ಬರಲಿ, ತಾನೇ ಹೊರಳಿ ಹೊಂದಿಕೊಳ್ಳುತ್ತದೆ. ವ್ಯಾಸದ ದಿಕ್ಕಿನಲ್ಲಿ, ಅಂದರೆ ಮುಖಗಳ ಬದಲು ಅಂಚಿನ ಎದುರುಬದುರು, ಧ್ರುವಗಳಿರುವ ಬಿಲ್ಲೆ ಆರ್ಡರ್ ಮಾಡಿದೆ. ಒಂಬತ್ತು ದಿನ ಕಾಯಿಸಿ ಪುಣ್ಯಾತ್ಮ ಕಳಿಸಿದ್ದು ಮತ್ತದೇ ಮಾಮೂಲಿ ಬಿಲ್ಲೆ. ಫೋನ್ ಮಾಡಿದರೆ, "ಎಲ್ಲಾ ಮ್ಯಾಗ್ನೆಟ್ಟೂ ಒಂದೇ ಸಾರ್!"

ಕೊನೆಗೆ 5 ಮಿ.ಮೀ. ಗೋಲಿ ಮ್ಯಾಗ್ನೆಟ್, 6 ಮಿ.ಮೀ. ತೂತು. ಮೊದಲ ಆರು ಗುಂಡುಗಳ ಮುಚ್ಚಳಕ್ಕೆ ಫೆವಿಕ್ವಿಕ್ ಹಾಕಿ ಕೆಟ್ಟೆ. ಒಂದು ಹನಿ ಒಳಗಿಳಿದರೂ ಗೋಲಿ ಕಲ್ಲಾಗುತ್ತದೆ. ಈಗ ಹಳೇ ಮದುವೆ ಕಾರ್ಡಿನಿಂದ ಬಿಲ್ಲೆ ಕತ್ತರಿಸಿ, ಅಂಚಿಗೆ ಮಾತ್ರ ಫೆವಿಕಾಲ್ ಸವರಿ ಮುಚ್ಚುತ್ತಿದ್ದೇನೆ. ಬಂಧಕ್ಕೆ ತಕ್ಕ ಕಾಗದ! ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗೋಲಿ ಕಟಕಟ ಅನ್ನಬೇಕು, ಇಲ್ಲದಿದ್ದರೆ ಬಿಚ್ಚಿ ಮತ್ತೆ ಮುಚ್ಚಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಗೋಲಿಗಳ ಸಹವಾಸವೇ ಬೇಡ. ಎರಡು ನುಂಗಿದರೆ ಕರುಳಿಗೇ ಅಪಾಯ.

ಈ ದಸರಾಕ್ಕೆ ಗೊಂಬೆ ಮೆಟ್ಟಿಲಲ್ಲಿ ಸೋಡಿಯಂ-ಕ್ಲೋರಿನ್ನನ್ನು ಪಟ್ಟದ ಗೊಂಬೆಗಳ ಪಕ್ಕ ಕೂರಿಸೋಣ ಎಂದಿದ್ದೆ. ಆದರೆ ಅವೆರಡೂ ಕೂಡಿ ಆಗುವ ಹರಳುಪ್ಪಿನಲ್ಲಿ ಜೋಡಿ ಎಲ್ಲಿದೆ? ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ. ಹಾಗಾಗಿ ಮೂರು-ಮೂರು-ಮೂರರ ಜಾಲ, 27 ಗುಂಡು. ಅಮ್ಮ ಇನ್ನೂ ಒಂದು ಮೆಟ್ಟಿಲು ಬಿಟ್ಟುಕೊಟ್ಟಿಲ್ಲ.

ನೀರು ಸಲೀಸಾಗಿ ಆಯಿತು. ಆಮ್ಲಜನಕದ್ದೇ ಹೊಸ ತಂಟೆ. 104.5 ಡಿಗ್ರಿಯಲ್ಲಿ ಕೊರೆದ ಎರಡು ತೂತು ಎರಡು ದಿಕ್ಕಿಗೆ ನೋಡುತ್ತಿವೆ, ಎರಡು ಆಮ್ಲಜನಕ ಎದುರಾದರೆ ಒಂದು ಕೈ ಮಾತ್ರ ಕೂಡುತ್ತದೆ. ಎರಡೂ ಕೈ ಕೂಡಬೇಕಾದ ದ್ವಿಬಂಧಕ್ಕೆ ಬಾಗುವ ಸ್ಪ್ರಿಂಗ್ ಹುಡುಕಬೇಕು. ಶನಿವಾರ ಅಂಗಡಿಗಳನ್ನು ಸುತ್ತುತ್ತೇನೆ, ಆ "ಎಲ್ಲಾ ಒಂದೇ ಸಾರ್" ಒಬ್ಬನನ್ನು ಬಿಟ್ಟು.