ಜಿರಳೆಯ ಮೂತ್ರನಾಳ: ಆರನೇ ವಾರದ ಟಿಪ್ಪಣಿ

ಕೊನೆಗೂ ಜಿರಳೆಯ ಮೂತ್ರದ ಹನಿ ಕಟ್ಟಿತು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಎಣ್ಣೆಯೊಳಗೆ, ಸೂಜಿಗೆ ಸುತ್ತಿದ ನಾಳದ ತುದಿಯಲ್ಲಿ ಮಿಣುಕುವ ಒಂದು ಗುಂಡು. ರಾಗಿಕಾಳಿನ ಪಕ್ಕ ಇಟ್ಟರೆ ಬರಿಗಣ್ಣಿಗೆ ಸಿಕ್ಕುವಂಥದ್ದಲ್ಲ. ನಾನಂತೂ ಕುರ್ಚಿ ಬಿಟ್ಟು ಎದ್ದೆ.

ಇದೆಲ್ಲ ಶುರುವಾದದ್ದು ಅಮ್ಮನ ಫ್ರುಸಮೈಡ್ ಮಾತ್ರೆಯಿಂದ. ಅಷ್ಟು ಚಿಕ್ಕ ಮಾತ್ರೆ ಅಷ್ಟೊಂದು ನೀರನ್ನು ಹೇಗೆ ಹೊರಹಾಕಿಸುತ್ತದೆ? ನಮ್ಮ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ವಾಪಸು ಎಳೆದುಕೊಳ್ಳುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರನ್ನೂ ಒಟ್ಟಿಗೆ ಒಳಗೆ ತರುವ ವಾಹಕವನ್ನು ಆ ಮಾತ್ರೆ ಕಟ್ಟಿಹಾಕುತ್ತದೆ. ಉಪ್ಪು ನಾಳದಲ್ಲೇ ಉಳಿಯುತ್ತದೆ, ನೀರೂ ಅದರ ಜೊತೆ ಉಳಿಯುತ್ತದೆ. ಅಲ್ಲಿಂದ ಕ್ಲೋರೈಡ್ ರಕ್ತಕ್ಕೆ ಹೋಗುವ ಚಾನೆಲ್ (ಕೋಶದ ಪೊರೆಯಲ್ಲಿರುವ ಕಿರುದಾರಿ) ಹುಟ್ಟಿನಿಂದಲೇ ಕೆಟ್ಟಿದ್ದರೂ ಹೀಗೇ ಉಪ್ಪು ಸೋರುತ್ತದೆ. ಅದು ಬಾರ್ಟರ್ ಸಿಂಡ್ರೋಮಿನ ಒಂದು ಬಗೆ.

ಮನುಷ್ಯನ ನಾಳ ಮನೆಯಲ್ಲಿ ಸಿಗುವುದಿಲ್ಲ. ಕೀಟದ್ದು ಸಿಗುತ್ತದೆ. ಅವುಗಳಲ್ಲಿ ಸೋಸುವ ಜರಡಿಯೇ ಇಲ್ಲ. ನಾಳದ ಕೋಶಗಳು ಶಕ್ತಿ ಖರ್ಚು ಮಾಡಿ ಪೊಟ್ಯಾಸಿಯಮನ್ನು ಒಳಗೆ ತಳ್ಳುತ್ತವೆ, ಧನ ಆವೇಶದ ಸೆಳೆತಕ್ಕೆ ಕ್ಲೋರೈಡ್ ಬರುತ್ತದೆ, ಕೊನೆಗೆ ನೀರು. ಹಣ್ಣುನೊಣದಲ್ಲಿ ಕ್ಲೋರೈಡಿಗೆಂದೇ ನಕ್ಷತ್ರಾಕಾರದ ಬೇರೆ ಕೋಶಗಳಿವೆ. ಹಾಗಾದರೆ ಕ್ಲೋರೈಡ್ ಸಿಗದಂತೆ ಮಾಡಿದರೆ ನೀರು ನಿಲ್ಲಬೇಕಲ್ಲ?

ಇಟಲಿಯ ವಿಜ್ಞಾನಿ ಮಾಲ್ಪಿಘಿ ಈ ನಾಳಗಳನ್ನು 1669ರಲ್ಲಿ ವರ್ಣಿಸಿದ್ದು ರೇಷ್ಮೆ ಹುಳುವಿನಲ್ಲಿ. ರಾಮನಗರದ ಕಡೆ ಭಾವನವರ ಹುಳು ಮನೆ ಇರುವಾಗ ಬೇರೆ ಕೀಟ ಏಕೆ ಎಂದು, ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಹುಳುಗಳನ್ನು ತಂದೆ. ಮೂರು ವಾರ ವ್ಯರ್ಥ. ಅದರ ಆರು ನಾಳಗಳ ತುದಿಗಳೂ ಹಿಂಗರುಳಿನ ಗೋಡೆಯೊಳಗೆ ಹೂತಿರುತ್ತವೆ, ಎಳೆದಾಗಲೆಲ್ಲ ತುಂಡಾದವು. ಜಿರಳೆ ಉದಾರಿ: ಕೂದಲೆಳೆಯಂಥ ನಾಳಗಳ ಕುಚ್ಚೇ ಇದೆ, ತುದಿಗಳೂ ಬಿಡಿ. ಫ್ರೀಜರಿನಲ್ಲಿ ಜಡಗೊಳಿಸಿ ಬಿಡಿಸುತ್ತೇನೆ. (ಆ ಡಬ್ಬಿಯ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.)

ವಿಧಾನ ಕೇಂಬ್ರಿಜ್‌ನ ರಾಮ್ಸೆಯವರದು, 1954ರದು. ಅವರು ಬಳಸಿದ್ದು ಕಡ್ಡಿಕೀಟ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳಗೆ ಉಪ್ಪುನೀರಿನ ತೊಟ್ಟು, ಅದರಲ್ಲಿ ನಾಳ. ಕತ್ತರಿಸಿದ ತುದಿಯನ್ನು ಮಾತ್ರ ಎಣ್ಣೆಗೆ ಎಳೆದು ಸೂಜಿಗೆ ಸುತ್ತುವುದು. ತೊಟ್ಟಿನಲ್ಲಿ ನಾಳ ಎರೆಹುಳುವಿನಂತೆ ನುಲಿಯುತ್ತದೆ. ನುಲಿಯುತ್ತಿದ್ದರೆ ಜೀವವಿದೆ ಎಂದರ್ಥ.

ಕಳೆದ ವಾರದ ಪೆದ್ದುತನವನ್ನೂ ಬರೆದುಬಿಡುತ್ತೇನೆ. 100 ಮಿಲಿ ನೀರಿಗೆ ಹಾಕುತ್ತಿದ್ದ 0.88 ಗ್ರಾಂ ಸೋಡಿಯಂ ಕ್ಲೋರೈಡಿನ ಬದಲು 2.13 ಗ್ರಾಂ ಸೋಡಿಯಂ ಸಲ್ಫೇಟ್ ಹಾಕಿದೆ. ಅಣುಗಳ ಲೆಕ್ಕಕ್ಕೆ ಸಮ. ಹನಿ ಬರಲೇ ಇಲ್ಲ, ಗೆದ್ದೆ ಎಂದುಕೊಂಡೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಸಲ್ಫೇಟ್ ಒಡೆದರೆ ಎರಡಲ್ಲ, ಮೂರು ಅಯಾನು (ಆವೇಶ ಹೊತ್ತ ಕಣ). ದ್ರಾವಣ ಒಂದೂವರೆ ಪಟ್ಟು ಸಾಂದ್ರವಾಗಿ, ಉಪ್ಪಿನಕಾಯಿಯ ಉಪ್ಪು ಹೋಳಿನ ನೀರು ಹೀರುವಂತೆ ನಾಳದ ನೀರನ್ನೇ ಹೀರುತ್ತಿತ್ತು. ಹನಿ ನಿಂತದ್ದು ಕ್ಲೋರೈಡ್ ಸಿಗದೆ ಎಂದು ಅದರಿಂದ ಹೇಳುವಂತಿಲ್ಲ.

ಈ ವಾರ ಸೋಡಿಯಂ ಗ್ಲುಕೊನೇಟ್, 3.27 ಗ್ರಾಂ. ಎರಡೇ ಅಯಾನು. ಗ್ಲುಕೊನೇಟ್ ಕ್ಯಾಲ್ಸಿಯಮನ್ನು ಸ್ವಲ್ಪ ಹಿಡಿದಿಡುತ್ತದೆ, ಹಾಗಾಗಿ ಕ್ಯಾಲ್ಸಿಯಂ ಕ್ಲೋರೈಡನ್ನು ಚಿಟಿಕೆ ಹೆಚ್ಚಿಸಿದೆ. ಒಂದೇ ಜಿರಳೆಯ ನಾಳಗಳು, 40 ನಿಮಿಷ. ಮಾಮೂಲಿ ದ್ರಾವಣದಲ್ಲಿ ಹನಿಯ ವ್ಯಾಸ 0.20 ಮಿಮೀ, ಗ್ಲುಕೊನೇಟಿನಲ್ಲಿ 0.12. ನೋಡುವುದಕ್ಕೆ ಅಂಥ ವ್ಯತ್ಯಾಸವಿಲ್ಲ. ಆದರೆ ಗಾತ್ರ ವ್ಯಾಸದ ಘನವನ್ನು ಅನುಸರಿಸುತ್ತದಲ್ಲ: 4.2 ನ್ಯಾನೋಲೀಟರ್ ಇದ್ದದ್ದು 0.9ಕ್ಕೆ ಇಳಿದಿದೆ. ಪೂರ್ತಿ ನಿಲ್ಲದಿರುವುದು ಸರಿಯೇ, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಲವಣಗಳ ಜೊತೆ ಒಂದಿಷ್ಟು ಕ್ಲೋರೈಡ್ ಉಳಿದೇ ಇದೆ.

ನಾಳ ಸತ್ತಿರಬಹುದಲ್ಲ ಎಂಬ ಅನುಮಾನಕ್ಕೆ, ಗ್ಲುಕೊನೇಟಿನ ಮೂರು ನಾಳಗಳನ್ನು ಮತ್ತೆ ಕ್ಲೋರೈಡಿಗೆ ತಂದೆ. ಎರಡು ಅರ್ಧ ಗಂಟೆಯಲ್ಲಿ ಮತ್ತೆ ಹನಿ ಕಟ್ಟಿದವು. ಮೂರನೆಯದು ನುಲಿಯುವುದನ್ನೂ ಬಿಟ್ಟಿತ್ತು. ಚಿಮಟದಲ್ಲಿ ನಾನೇ ಜಜ್ಜಿರಬೇಕು.