ಶಾರ್ಕ್ ಮೂತಿಯ ಮಾದರಿ: ಎಲೆಕ್ಟ್ರೋಡ್ ಹಂತ ಮುಗಿಯಿತು

ಶಾರ್ಕಿನ ಮೂತಿಯ ಸಣ್ಣ ರಂಧ್ರಗಳಿಂದ ಒಳಕ್ಕೆ ಲೋಳೆ ತುಂಬಿದ ಕೊಳವೆಗಳು ಹೋಗುತ್ತವೆ. ಅವುಗಳ ಬುಡದ ಚೀಲದಲ್ಲಿ ವೋಲ್ಟೇಜ್ ಗುರುತಿಸುವ ಕೋಶಗಳಿವೆ. ಇವೇ ಲೊರೆಂಜಿನಿ ಆಂಪುಲೆಗಳು, ಬೇಟೆಯ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು ಶಾರ್ಕ್ ಗುರುತಿಸುವ ಅಂಗ. ಲೋಳೆಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಕೊಳವೆಯ ಗೋಡೆ ಅದನ್ನು ಸೋರಗೊಡುವುದಿಲ್ಲ. ಕೊಳವೆ ಉದ್ದವಾದಷ್ಟೂ ಕೋಶಕ್ಕೆ ಸಿಗುವ ವೋಲ್ಟೇಜ್ ವ್ಯತ್ಯಾಸ ಹೆಚ್ಚು.

ನಾವು ಮಾಡುತ್ತಿರುವ ಇದರ ಮಾದರಿಯಲ್ಲಿ ಕೊಳವೆಯ ಜಾಗಕ್ಕೆ 3 ಮಿ.ಮೀ. ಒಳವ್ಯಾಸದ, 20 ಸೆಂ.ಮೀ. ಉದ್ದದ ಎರಡು ಪ್ಲಾಸ್ಟಿಕ್ ನಳಿಗೆಗಳು. ಬಾಯಿಗಳ ನಡುವೆ 10 ಸೆಂ.ಮೀ. ಅಂತರ. ತೊಟ್ಟಿಯ ನೀರಿಗೆ ಲೀಟರಿಗೆ 35 ಗ್ರಾಂ ಉಪ್ಪು. ಅದೇ ನೀರಿನ 100 ಮಿ.ಲೀ.ಗೆ 3 ಗ್ರಾಂ ಅಗರ್ (ಹೆಪ್ಪುಗಟ್ಟಿಸುವ ಪುಡಿ) ಹಾಕಿ ಕುದಿಸಿ, ಬಿಸಿಯಿರುವಾಗಲೇ ಸಿರಿಂಜಿನಿಂದ ತುಂಬಬೇಕು. ಒಂದೇ ಒಂದು ಗಾಳಿಗುಳ್ಳೆ ಅಡ್ಡ ನಿಂತರೂ ಸರ್ಕ್ಯೂಟ್ ಕಡಿದಂತೆಯೇ.

ನಳಿಗೆಯ ವೋಲ್ಟೇಜ್ ಹಿಡಿಯುವ ಎಲೆಕ್ಟ್ರೋಡ್ ಆಗಿ ತಾಮ್ರದ ತಂತಿ ಕೆಲಸಕ್ಕೆ ಬಾರದು, ಅದರ ವೋಲ್ಟೇಜ್ ನಿಲ್ಲದೆ ಜಾರುತ್ತಿರುತ್ತದೆ. ಬೆಳ್ಳಿ ತಂತಿಯೇ ಬೇಕು. ಎರಡು ತಂತಿಗಳನ್ನು ನಯವಾದ ಮರಳುಕಾಗದದಿಂದ ಉಜ್ಜಿ, ಒಟ್ಟಿಗೆ ಜೋಡಿಸಿ, 1.5 ವೋಲ್ಟ್ ಸೆಲ್ಲಿನ ಧನ ತುದಿಗೆ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಕೊಟ್ಟು ಉಪ್ಪುನೀರಿನಲ್ಲಿಡಿ. ಋಣ ತುದಿಗೆ ಇನ್ನೊಂದು ಬೆಳ್ಳಿ ತುಂಡು. ಮೈಯೆಲ್ಲ ಒಂದೇ ಸಮನೆ ಕಂದು-ಬೂದು ಬಣ್ಣಕ್ಕೆ ತಿರುಗಬೇಕು. ಆಮೇಲೆ ಎರಡನ್ನೂ ಶಾರ್ಟ್ ಮಾಡಿ (ನೇರವಾಗಿ ಒಂದಕ್ಕೊಂದು ಜೋಡಿಸಿ) ರಾತ್ರಿಯಿಡೀ ಉಪ್ಪುನೀರಿನಲ್ಲಿ ಬಿಟ್ಟರೆ ಪರಸ್ಪರ ಹೊಂದಿಕೊಳ್ಳುತ್ತವೆ. ಬೆಸುಗೆಗೆ ನೀರು ತಾಗಿದರೆ ಅದೇ ಒಂದು ಬ್ಯಾಟರಿಯಾಗುತ್ತದೆ. ತಂತಿಯ ಮೇಲೆ ಕೂತ ಆ ಪದರ, ಅಂದರೆ ಸಿಲ್ವರ್ ಕ್ಲೋರೈಡ್‌ಗೆ ಬೆಳಕೂ ಆಗಿಬರುವುದಿಲ್ಲ, ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿ.

ಎಡಿ620 ಆಂಪ್ಲಿಫೈಯರ್‌ಗೆ 499 ಓಮ್ ರೆಸಿಸ್ಟರ್ ಹಾಕಿದರೆ ಗೇನ್ (ವೋಲ್ಟೇಜ್ ಹಿಗ್ಗುವ ಪಟ್ಟು) 100. ಮೊದಲ ಹಂತದಲ್ಲೇ ಇದಕ್ಕಿಂತ ಆಸೆಪಡಬೇಡಿ: ಎಲೆಕ್ಟ್ರೋಡ್‌ಗಳ ನಡುವೆ ಉಳಿಯುವ ಒಂದೆರಡು ಮಿಲಿವೋಲ್ಟ್ ನಮಗೆ ಒಟ್ಟು ಬೇಕಾದ 5000 ಪಟ್ಟು ಇಲ್ಲೇ ಹಿಗ್ಗಿದರೆ ಔಟ್‌ಪುಟ್ ತನ್ನ ಗರಿಷ್ಠ ಮಿತಿಗೆ ಹೋಗಿ ಅಂಟಿಕೊಳ್ಳುತ್ತದೆ. ಎರಡು ಹಂತಗಳ ನಡುವೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 1.6 ಮೆಗಾ ಓಮ್ ರೆಸಿಸ್ಟರ್ ಇಟ್ಟರೆ 0.1 ಹರ್ಟ್ಜ್‌ಗಿಂತ ಕೆಳಗಿನ ಜಾರಾಟ ನಿಲ್ಲುತ್ತದೆ. ಉಳಿದ 50 ಪಟ್ಟು ಅದರ ನಂತರ. ಸರ್ಕ್ಯೂಟಿನ ಗ್ರೌಂಡ್‌ಗೆ ಸೇರಿದ ಮೂರನೆಯ ಎಲೆಕ್ಟ್ರೋಡ್ ನೀರಿನಲ್ಲಿ ಇರಲೇಬೇಕು.

ಬೇಟೆಯ ಬದಲಿಗೆ 5 ಸೆಂ.ಮೀ. ಅಂತರದ ಎರಡು ತಂತಿಗಳು. 5 ವೋಲ್ಟ್‌ನ 1 ಹರ್ಟ್ಜ್ ಚೌಕ ಅಲೆಯನ್ನು 470 ಕಿಲೋ ಓಮ್ ಮೂಲಕ ಕೊಟ್ಟರೆ ಸುಮಾರು 10 ಮೈಕ್ರೋಆಂಪ್. ಇದಕ್ಕೆ ಪ್ರತ್ಯೇಕ ಬ್ಯಾಟರಿ, ಇಲ್ಲದಿದ್ದರೆ ಕರೆಂಟ್ ಗ್ರೌಂಡ್ ದಾರಿ ಹಿಡಿಯುತ್ತದೆ. 20 ಸೆಂ.ಮೀ. ದೂರದಲ್ಲಿ, ನೇರ ಸಾಲಿನಲ್ಲಿ, ಲೆಕ್ಕದ ಪ್ರಕಾರ ಸಿಗುವುದು 0.2 ಮೈಕ್ರೋವೋಲ್ಟ್ ಚಿಲ್ಲರೆ. ತೊಟ್ಟಿ ಚಿಕ್ಕದಾದರೆ ಗಾಜು ಕರೆಂಟನ್ನು ಒತ್ತಿ ಹಿಡಿಯುವುದರಿಂದ ಇನ್ನಷ್ಟು. ದೂರ ದುಪ್ಪಟ್ಟಾದರೆ ಕ್ಷೇತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ತೊಡಕಿರುವುದು ಇಲ್ಲೇ. ಎಡಿ620ರ ಸ್ವಂತ ಗದ್ದಲವೇ (ಅದು ತಾನೇ ಹುಟ್ಟಿಸುವ ವೋಲ್ಟೇಜ್ ಏರಿಳಿತ) 0.28 ಮೈಕ್ರೋವೋಲ್ಟ್. ಶಾರ್ಕ್ ಸೆಂಟಿಮೀಟರಿಗೆ 5 ನ್ಯಾನೋವೋಲ್ಟ್‌ಗೇ ತಿರುಗುತ್ತದೆ. ನಮ್ಮ 10 ಸೆಂ.ಮೀ. ಅಂತರದಲ್ಲಿ ಅದು ಬರೀ 0.05 ಮೈಕ್ರೋವೋಲ್ಟ್. ಎಂಥ ಅದ್ಭುತ ಅಂಗ ಅದು! ಮುಂದಿನ ಹಂತದಲ್ಲಿ ಬೇಟೆಯ ಚೌಕ ಅಲೆಯ ಲಯಕ್ಕೆ ಹೊಂದಿಸಿ 100 ಆವರ್ತಗಳ ಸರಾಸರಿ ತೆಗೆಯಬೇಕು. ಆಗ ಗದ್ದಲ ಹತ್ತನೇ ಒಂದು ಭಾಗವಾಗಿ, ಆ 0.05 ಕಾಣಿಸುವಷ್ಟು ಜಾಗ ಸಿಗುತ್ತದೆ.